ಪಫರ್ ಮೀನಿಗೆ ಬಸವನಹುಳು: ಗದ್ದೆಯಿಂದ ಹುಳು ಬೇಡ, ಮೊಟ್ಟೆ ತನ್ನಿ

ನೀವು ಮಂಜೇಶ್ವರದಿಂದ ಕೇಳಿದ್ದು ಇಷ್ಟು: ಅಂಗಡಿಯಿಂದ ತಂದ ನಾಲ್ಕು ಕುಬ್ಜ ಪಫರ್ ಮೀನುಗಳು ಉಂಡೆ ಆಹಾರ ಮುಟ್ಟುತ್ತಿಲ್ಲ, ಒಂದರ ಹೊಟ್ಟೆ ಒಳಕ್ಕೆ ಹೋಗಿದೆ. ಮನೆ ಪಕ್ಕದ ಗದ್ದೆಯ ಬಸವನಹುಳು ಹಿಡಿದು ಹಾಕಬಹುದೇ? ಮನೆಯಲ್ಲೇ ಸಾಕುವುದು ಹೇಗೆ?

ನಾನು ಬದಿಯಡ್ಕದ ಹತ್ತಿರ ಅಡಿಕೆ ತೋಟ ಇರುವವನು. ಆರು ವರ್ಷದಿಂದ ಈ ಮೀನು ಸಾಕುತ್ತಿದ್ದೇನೆ, ಬಸವನಹುಳುವಿನ ವಿಷಯದಲ್ಲಿ ಎರಡು ಸಲ ದೊಡ್ಡದಾಗಿ ಸೋತಿದ್ದೇನೆ. ಗದ್ದೆಯ ಹುಳುವನ್ನು ನೇರ ಮೀನಿನ ತೊಟ್ಟಿಗೆ ಹಾಕಬೇಡಿ. ಅದರ ಮೊಟ್ಟೆ ತನ್ನಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಇವತ್ತಿನ ಹಸಿವಿನ ಮಾತು.

ಈ ಮೀನು ಕೈಬೆರಳಿನ ಒಂದು ಗೆಣ್ಣಿನಷ್ಟೇ ಬೆಳೆಯುವುದು, ಆದರೆ ಪಕ್ಕಾ ಬೇಟೆಗಾರ. ಎರಡು ಕಣ್ಣನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸುತ್ತಾ, ಅಲುಗಾಡುವುದನ್ನು ಹುಡುಕುತ್ತದೆ. ಅಲುಗದ ಉಂಡೆ ಅದರ ಲೆಕ್ಕಕ್ಕೆ ಊಟವೇ ಅಲ್ಲ. ಹಾಗಾಗಿ ಈಗ ಸೊಳ್ಳೆ ಮರಿ ಕೊಡಿ (ನಮ್ಮ ಕಡೆ ನುಸಿ ಅಂದರೇ ಬೇಗ ಅರ್ಥವಾಗುವುದು). ಒಂದು ಬಾಲ್ದಿ ಬಾವಿನೀರಿಗೆ ಹಿಡಿ ಒಣಗಿದ ಎಲೆ ಹಾಕಿ ಮನೆ ಹಿಂದೆ ನೆರಳಲ್ಲಿಡಿ. ನಾಲ್ಕು ದಿನಕ್ಕೆ ಮರಿಗಳು ಕಾಣುತ್ತವೆ. ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ತೊಳೆದು, ಮೀನು ತಿಂದು ಮುಗಿಸುವಷ್ಟೇ ಹಾಕಿ. ಆರನೇ ದಿನಕ್ಕೆ ಬಾಲ್ದಿಯನ್ನು ಒಣನೆಲಕ್ಕೆ ಕವುಚಿಬಿಡಬೇಕು, ಇದರಲ್ಲಿ ಉದಾಸೀನ ಬೇಡವೇ ಬೇಡ. ಡೆಂಗಿ ಇರುವ ಊರು ನಮ್ಮದು. ಮೀನಿನ ಹೆಸರಲ್ಲಿ ನೆರೆಮನೆಯವರಿಗೆ ಜ್ವರ ತರಿಸಬಾರದು. ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ (ಮೀನಿಗೆಂದು ಮಾರುವ ಸಣ್ಣ ಕೆಂಪು ಹುಳು) ಸಿಕ್ಕರೆ ಅದೂ ಆದೀತು. ಆದರೆ ಜೋರು ಮಳೆಗೆ ಎರಡು ದಿನ ಕರೆಂಟ್ ಹೋಯಿತೆಂದರೆ ಫ್ರಿಜ್ಜಿನಲ್ಲಿಟ್ಟದ್ದೆಲ್ಲ ಕರಗಿ ನಾರುತ್ತದೆ. ನಾನು ಬಸವನಹುಳು ಸಾಕಲು ಶುರುಮಾಡಿದ್ದು ಅಂಥ ಒಂದು ಮಳೆಗಾಲದ ನಂತರವೇ.

ಈಗ ಗದ್ದೆಯ ಹುಳು ಯಾಕೆ ಬೇಡ ಎಂಬುದು. ನಮ್ಮ ಬೈಲಿನ ಗದ್ದೆ, ಕೆರೆಗಳಲ್ಲಿ ಚಕ್ಕುಲಿಯಂತೆ ಸುತ್ತಿಕೊಂಡ, ಕಂದು ಬಣ್ಣದ ಚಪ್ಪಟೆ ಬಸವನಹುಳು ಇರುತ್ತದಲ್ಲ, ಅದರ ಶಾಸ್ತ್ರೀಯ ಹೆಸರು ಇಂಡೋಪ್ಲಾನೋರ್ಬಿಸ್ ಎಕ್ಸಸ್ಟಸ್. ಹಲವು ಪರೋಪಜೀವಿ ಹುಳುಗಳು ತಮ್ಮ ಬಾಲ್ಯ ಕಳೆಯುವುದು ಇದರ ಮೈಯೊಳಗೆ. ಹಸುಗಳಿಗೆ ಮೂಗು ಕಟ್ಟಿ ಗೊರಗೊರ ಸದ್ದು ಬರುವ ಗೊರಕೆ ರೋಗ ಹರಡುವುದು ಇದೇ ಬಸವನಹುಳುವಿನ ಮೂಲಕ. ಗದ್ದೆಯ ನೀರಿಗಿಳಿದವರ ಕಾಲು ತುರಿಸುವುದಕ್ಕೂ ಇದರಿಂದ ಹೊರಬಂದ ಸೂಕ್ಷ್ಮ ಮರಿಗಳು ಒಂದು ಕಾರಣ. ಈ ಜಾತಿಯ ಪರೋಪಜೀವಿಗಳಲ್ಲಿ ಕೆಲವು ಮೀನಿನ ಚರ್ಮ, ಮಾಂಸದೊಳಗೆ ಗೂಡು ಕಟ್ಟುತ್ತವೆ. ಆದರೆ ಇವು ತಾಯಿ ಹುಳುವಿನಿಂದ ಮೊಟ್ಟೆಗೆ ದಾಟುವುದಿಲ್ಲ. ಮೊಟ್ಟೆಯಿಂದ ನಿಮ್ಮ ಟಬ್ಬಿನಲ್ಲೇ ಹುಟ್ಟಿದ ಮರಿ ಶುದ್ಧ. ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ನನ್ನ ಮೊದಲ ವರ್ಷದ ಎಷ್ಟೋ ಮೀನು ಉಳಿಯುತ್ತಿದ್ದವೋ ಏನೋ.

ಮೊಟ್ಟೆ ಹುಡುಕುವುದು ಸುಲಭ. ಅಂತರಗಂಗೆ ಅಥವಾ ತಾವರೆ ಎಲೆಯನ್ನು ಮಗುಚಿ ನೋಡಿ. ಪಾರದರ್ಶಕ ಲೋಳೆಯ ಪುಟ್ಟ ಮುದ್ದೆ, ಒಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಎಲೆಯ ಅಷ್ಟು ತುಂಡನ್ನು ಮಾತ್ರ ಕತ್ತರಿಸಿ, ಬಾವಿನೀರಲ್ಲಿ ಎರಡು ಮೂರು ಸಲ ಮೆಲ್ಲ ಅಲ್ಲಾಡಿಸಿ ತೊಳೆದು, ಜಿಗಣೆ ಅಂಟಿಲ್ಲವೆಂದು ನೋಡಿ, ಗಾಜಿನ ಭರಣಿಗೆ ಹಾಕಿ. ಹೆಚ್ಚೂಕಡಿಮೆ ಹತ್ತು ದಿನಕ್ಕೆ ಮರಿ ಬರುತ್ತದೆ. ಅಂಗಡಿಯ ನೀರುಗಿಡಗಳ ಜೊತೆ ತಾನಾಗಿ ಬರುವ, ಎಡಕ್ಕೆ ಸುತ್ತಿದ ತೆಳುಚಿಪ್ಪಿನ ಪುಟ್ಟ ಹುಳುವೂ ಇದೆ, ಫೈಸಾ ಅನ್ನುತ್ತಾರೆ. ಪಫರ್ ಬಾಯಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಅದು ಹೊರದೇಶದ್ದು, ನಮ್ಮ ತೋಡಿಗೆ ಮಾತ್ರ ಬಿಡಬೇಡಿ. ಎರಡೂ ಜಾತಿಯಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಒಂದೇ ಹುಳು ಉಳಿದರೂ ಮತ್ತೆ ಸಂತತಿ ಎದ್ದೀತು.

ತೋಡಿನ ಮರಳಲ್ಲಿ ಸಿಗುವ, ಮೊಳೆಯಂತೆ ಉದ್ದಕ್ಕೆ ಚೂಪಾದ ಗಟ್ಟಿ ಚಿಪ್ಪಿನದ್ದನ್ನು ಕೊಡಬೇಡಿ. ಈ ಪುಟ್ಟ ಮೀನಿನ ಹಲ್ಲಿಗೆ ಅದು ಒಡೆಯುವುದಿಲ್ಲ.

ನಾನು ಸೋತದ್ದು ನೀರಿನಲ್ಲಿ. ನಮ್ಮ ಮನೆಗೆ ಸುರಂಗದ ನೀರು. ಗುಡ್ಡದ ಮುರಕಲ್ಲಿನೊಳಗೆ (ಕೆಂಪು ಜಂಬಿಟ್ಟಿಗೆ ಕಲ್ಲು) ಅಡ್ಡಕ್ಕೆ ಕೊರೆದ ಹಳೆಯ ಸುರಂಗ, ಅಜ್ಜನ ಕಾಲದ್ದು. ಕುಡಿಯಲು ಅಮೃತ. ಬಚ್ಚಲ ಹಂಡೆಯಲ್ಲಿ ವರ್ಷಗಟ್ಟಲೆ ಕಾಯಿಸಿದರೂ ಬಿಳಿ ಕರೆ ಕಟ್ಟುವುದಿಲ್ಲ, ಚೂರು ಸಾಬೂನಿಗೆ ರಾಶಿ ನೊರೆ. ಅದನ್ನೇ ತುಂಬಿ ಹುಳು ಬಿಟ್ಟೆ. ಒಂದು ತಿಂಗಳಲ್ಲಿ ಚಿಪ್ಪುಗಳ ನಡುಭಾಗ ಬೆಳ್ಳಗಾಗಿ, ಗುಳಿಬಿದ್ದು, ಬೆರಳಲ್ಲಿ ಹಿಡಿದರೆ ಪುಡಿಯಾಗತೊಡಗಿತು. ಮೊಟ್ಟೆ ನಿಂತೇ ಹೋಯಿತು. ಮುರಕಲ್ಲಿನ ನೆಲದಲ್ಲಿ ಸಾವಿರಾರು ವರ್ಷದ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಬಿಟ್ಟಿದೆ. ಅದರೊಳಗಿಂದ ಬರುವ ನೀರು ಸ್ವಲ್ಪ ಹುಳಿ, ಅದರಲ್ಲಿ ಚಿಪ್ಪು ಕಟ್ಟಲು ಸಾಮಗ್ರಿಯೇ ಇಲ್ಲ. ಇದ್ದ ಚಿಪ್ಪನ್ನೂ ನೀರು ತಿಂದುಹಾಕುತ್ತದೆ. ನಿಮ್ಮದು ಮುರಕಲ್ಲಿನ ಬಾವಿಯಾದರೆ ಇದೇ ಕಥೆ.

ಮದ್ದು ಅಡುಗೆಮನೆಯಲ್ಲೇ ಇದೆ. ಮರುವಾಯಿ (ಕಪ್ಪೆಚಿಪ್ಪು) ತಿಂದು ಎಸೆದ ಚಿಪ್ಪನ್ನು ಕುದಿಸಿ, ತಿಕ್ಕಿ, ಒಣಗಿಸಿ ಟಬ್ಬಿನ ತಳಕ್ಕೆ ಎರಡು ಹಿಡಿ ಹಾಕಿ. ಮೀನು ಮಾಂಸ ತರದ ಮನೆಯಾದರೆ ಅಂಗಡಿಯಲ್ಲಿ ಕೋಳಿಗಳಿಗೆಂದು ಸಿಗುವ ಚಿಪ್ಪಿನ ನುಚ್ಚು ಆದೀತು. ನೀರು ಹುಳಿಯಿರುವವರೆಗೆ ಚಿಪ್ಪು ಕರಗುತ್ತದೆ. ಹುಳಿ ಹೋದಂತೆ ಕರಗುವುದು ತಾನೇ ನಿಧಾನವಾಗುತ್ತದೆ. ಅದಕ್ಕೇ ನನಗೆ ಇದರಷ್ಟು ನಂಬಿಕೆ ಬೇರೆ ಯಾವುದರಲ್ಲೂ ಇಲ್ಲ. ವೀಳ್ಯದ ಸುಣ್ಣ ಹಾಕಿದರಾಗದೇ ಎಂದು ಕೇಳಿದವರಿದ್ದಾರೆ. ಖಂಡಿತ ಬೇಡ, ನೀರು ಒಮ್ಮೆಲೇ ಕ್ಷಾರವಾಗಿ ಎಲ್ಲವೂ ಸಾಯುತ್ತವೆ. ಚಿಪ್ಪು ಹಾಕಿದ ಮೇಲೆ ಹಳೆಯ ಗುಳಿಗಳು ತುಂಬುತ್ತವೆಂದು ಕಾಯಬೇಡಿ, ಅವು ತುಂಬುವುದಿಲ್ಲ. ಚಿಪ್ಪಿನ ಬಾಯಂಚಿನ ಹೊಸ ಬೆಳವಣಿಗೆ ನುಣುಪಾಗಿದ್ದರೆ ಗೆದ್ದಿರಿ.

ಎರಡನೆಯ ಸೋಲು ತೋಟದಿಂದ ಬಂತು. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಮೈಲುತುತ್ತೆಂದರೆ ತಾಮ್ರ, ಮತ್ತು ತಾಮ್ರ ಬಸವನಹುಳುಗಳಿಗೆ ಘೋರ ವಿಷ. ಕೆರೆಗಳಲ್ಲಿ ಅವನ್ನು ಕೊಲ್ಲಲೆಂದೇ ಬಳಸಿದ್ದುಂಟು. ಮದ್ದು ಕಲಸಿದ ಬಾಲ್ದಿಯನ್ನು ಚೆನ್ನಾಗಿ ತೊಳೆದಿದ್ದೇನೆಂದು ನಂಬಿ ಅದರಲ್ಲೇ ಟಬ್ಬಿಗೆ ನೀರು ಹೊಯ್ದೆ. ಮರುದಿನ ಬೆಳಿಗ್ಗೆ ನೂರಾರು ಹುಳು ಚಿಪ್ಪಿನಿಂದ ಹೊರಜೋತು ತಳದಲ್ಲಿದ್ದವು. ಒಂದು ಭರಣಿ ಜಗಲಿಯಲ್ಲಿ ಬೇರೆಯೇ ಇದ್ದದ್ದರಿಂದ ಸಂತತಿ ಉಳಿಯಿತು. ಅಂದಿನಿಂದ ಮೀನಿನ ಬಾಲ್ದಿ ಬೇರೆ, ಟಬ್ಬು ಎರಡು, ಎರಡನ್ನೂ ಇಟ್ಟದ್ದು ಅಡಿಕೆ ಮರಗಳ ಹನಿ ಬೀಳದ ಕಡೆ. ಮದ್ದು ಹೊಡೆದ ತೋಟದೊಳಗಿನ ಎಲೆ, ಸೊಪ್ಪು ಹುಳುಗಳಿಗೆ ಹಾಕುವುದೇ ಇಲ್ಲ.

ಉಳಿದದ್ದು ಸಲೀಸು. 30–40 ಲೀಟರಿನ ಟಬ್ಬು, ಮೇಲೆ ಸೊಳ್ಳೆ ಪರದೆಯ ಬಟ್ಟೆ, ಸ್ವಲ್ಪ ಪಾಚಿ. ಬಿಸಿನೀರಲ್ಲಿ ಬಾಡಿಸಿದ ಹರಿವೆ, ಬಸಳೆ, ಸೌತೆಕಾಯಿ ಬಿಲ್ಲೆ. ಮರುದಿನಕ್ಕೆ ಉಳಿದದ್ದನ್ನು ತೆಗೆಯಿರಿ, ಇಲ್ಲವಾದರೆ ನೀರು ನಾರುತ್ತದೆ. ಹಿಡಿಯಲು ರಾತ್ರಿ ಒಂದು ಸೌತೆ ಬಿಲ್ಲೆ ಇಳಿಸಿದರೆ ಸಾಕು, ಬೆಳಿಗ್ಗೆ ಅದರ ಮೈತುಂಬ ಅಂಟಿಕೊಂಡಿರುತ್ತವೆ. ಒಳ್ಳೆಮೆಣಸಿನ ಕಾಳಿಗಿಂತ ದೊಡ್ಡದನ್ನು ಕೊಡಬೇಡಿ, ಅವು ಮೊಟ್ಟೆಯಿಡಲು ಉಳಿಯಲಿ. ನಾನು ಮೀನೊಂದಕ್ಕೆ ದಿನಕ್ಕೆ ಎರಡು ಮೂರು ಸಣ್ಣವನ್ನು ಹಾಕುತ್ತೇನೆ. ಮೊದಲ ಎರಡು ತಿಂಗಳು ಕೈ ಬಿಗಿಹಿಡಿಯಿರಿ. ಹುಳು ಹೆಚ್ಚುವ ಮೊದಲೇ ಕೊಟ್ಟು ಮುಗಿಸಿದರೆ ಮತ್ತೆ ಗದ್ದೆಗೇ ಹೋಗಬೇಕಾದೀತು.

ಅಂಗಡಿಯಲ್ಲಿ ಉಪ್ಪು ಹಾಕಲು ಹೇಳಿದ್ದಾರೆಂದು ಬರೆದಿದ್ದೀರಿ. ಅದು ಅಳಿವೆಯ ನೀರಲ್ಲಿ ಬದುಕುವ ಬೇರೆ ಪಫರ್‌ಗಳಿಗೆ. ನಿಮ್ಮದು ಅಪ್ಪಟ ಸಿಹಿನೀರಿನದು, ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳದ್ದು. 1941ರಲ್ಲಿ ಹೋರಾ ಮತ್ತು ನಾಯರ್ ಇದನ್ನು ಮೊದಲು ವರ್ಣಿಸಿದಾಗ ತಿರುವಾಂಕೂರಿನ ಹೆಸರನ್ನೇ ಇಟ್ಟರು: ಟ್ರಾವಂಕೊರಿಕಸ್. ಈಗ ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ, ಆದರೂ ಅಂಗಡಿಗೆ ಬರುವುದರಲ್ಲಿ ಹೆಚ್ಚಿನವು ಹೊಳೆಯಿಂದಲೇ ಹಿಡಿದವು. ಆದ್ದರಿಂದ ಇರುವ ನಾಲ್ಕನ್ನು ಉಳಿಸುವುದರ ಮೇಲೆ ಗಮನವಿಡಿ, ಸತ್ತದ್ದಕ್ಕೆ ಬದಲು ಇನ್ನೊಂದು ತರುವ ಯೋಚನೆ ಸದ್ಯ ಬೇಡ. ಗಿಡ ದಟ್ಟವಾಗಿರಲಿ, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ. ಗಂಡುಗಳು ಕಚ್ಚಾಡುತ್ತವೆ.

ಆ ಸೊರಗಿದ ಮೀನನ್ನು ಇವತ್ತೇ ಬೇರೆ ಪಾತ್ರೆಗೆ ಹಾಕಿ, ದಿನಕ್ಕೆ ಎರಡು ಸಲ ಸೊಳ್ಳೆ ಮರಿ ಕೊಡಿ. ಚೆನ್ನಾಗಿ ತಿಂದೂ ಎರಡು ವಾರಕ್ಕೆ ಹೊಟ್ಟೆ ತುಂಬದಿದ್ದರೆ, ಹಿಕ್ಕೆ ಬಿಳಿ ದಾರದಂತೆ ಬರುತ್ತಿದ್ದರೆ, ಒಳಗೆ ಜಂತುಹುಳ ಇದೆಯೆಂದು ಅನುಮಾನಿಸಬೇಕು. ಹಸು, ಆಡುಗಳಿಗೆ ಕೊಡುವ ಲೆವಮಿಸೋಲನ್ನು ಮೀನಿಗೂ ಬಳಸುತ್ತಾರೆ. ಅಳತೆಯನ್ನು ಪಶುವೈದ್ಯರ ಹತ್ತಿರ ಕೇಳಿಯೇ ಹಾಕಿ, ಆ ನೀರು ಹುಳುವಿನ ಟಬ್ಬಿಗೆ ತಾಗದಿರಲಿ. ಎರಡು ವಾರ ಕಳೆದು ಅದು ಹೇಗಿದೆಯೆಂದು ಬರೆಯಿರಿ. ಫೋಟೊವನ್ನು ಮೇಲಿನಿಂದಲೂ ಒಂದು ತೆಗೆಯಿರಿ, ಬೆನ್ನಿನ ಅಗಲ ನೋಡಿದರೆ ಮೈ ತುಂಬುತ್ತಿದೆಯೋ ಇಲ್ಲವೋ ಹೇಳಬಲ್ಲೆ.