ಹೂದಾನಿಯ ಮೇಲೆ ಬಾವಲಿ ಯಾಕೆ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಚೀನಾದ ಪಿಂಗಾಣಿ ಹೂದಾನಿ ಸಿಕ್ಕಿದೆ. ಒಂದೂವರೆ ಅಡಿ ಎತ್ತರ. ಬಿಳಿ ಮೈಮೇಲೆ ಐದು ಕೆಂಪು ಬಾವಲಿಗಳು, ಅದರಲ್ಲೊಂದು ತಲೆಕೆಳಗು. ಜೊತೆಗೆ ತೆಳು ಗುಲಾಬಿ ಬಣ್ಣದ ಪೀಚ್ ಹಣ್ಣುಗಳು. ತಳದಲ್ಲಿ ನೀಲಿ ಬಣ್ಣದ ಆರು ಚೀನೀ ಅಕ್ಷರ. ಭಾಷೆ ಬಲ್ಲವರೊಬ್ಬರು ಅದನ್ನು 'ಮಹಾ ಚಿಂಗ್ ವಂಶದ ಕಾಂಗ್‌ಶಿ ಕಾಲದಲ್ಲಿ ಮಾಡಿದ್ದು' ಅಂತ ಓದಿದರು. ಹಾಗಾದರೆ 300 ವರ್ಷ ಹಳೆಯದು ತಾನೇ? ಮನೆಯಲ್ಲಿ ಮಾತ್ರ ಬಾವಲಿ ಚಿತ್ರ ಬೇಡವೇ ಬೇಡ ಅಂತಿದ್ದಾರೆ.

ಉತ್ತರ: ಮೊದಲು ಬಾವಲಿ ವಿಷಯ ಮುಗಿಸೋಣ. ಅದನ್ನು ಕಣ್ಣಿಂದ ನೋಡಬೇಡಿ, ಚೀನೀ ಭಾಷೆಯಲ್ಲಿ ಕಿವಿಗೊಟ್ಟು ಕೇಳಿ. ಬಾವಲಿಯ ಹೆಸರಿನಲ್ಲಿರುವ 'ಫು' ಮತ್ತು ಭಾಗ್ಯ ಅನ್ನೋ ಅರ್ಥದ 'ಫು', ಎರಡರ ಉಚ್ಚಾರವೂ ಒಂದೇ. ಕನ್ನಡದಲ್ಲಿ 'ಅರಸು' ಅಂದರೆ ರಾಜನೂ ಹೌದು, ಹುಡುಕುವುದೂ ಹೌದು ಅಲ್ವಾ, ಹಾಗೆ. ಐದು ಬಾವಲಿ ಅಂದರೆ ಐದು ಭಾಗ್ಯ: ದೀರ್ಘಾಯುಷ್ಯ, ಸಂಪತ್ತು, ಆರೋಗ್ಯ, ಒಳ್ಳೆಯ ನಡತೆಯ ಮೇಲಿನ ಪ್ರೀತಿ, ಕೊನೆಗೆ ನೆಮ್ಮದಿಯ ಸಾವು. ಸಾವನ್ನೂ ಭಾಗ್ಯದ ಲೆಕ್ಕಕ್ಕೆ ಸೇರಿಸಿದ್ದು ನನಗೆ ತುಂಬಾ ಇಷ್ಟ. ಕೆಂಪು ಬಣ್ಣವೂ ಸುಮ್ನೆ ಬಂದದ್ದಲ್ಲ. ಕೆಂಪಿಗೆ 'ಹೊಂಗ್' ಅನ್ನುತ್ತಾರೆ, ಅಪಾರ ಅನ್ನೋದಕ್ಕೂ 'ಹೊಂಗ್'. ಆ ತಲೆಕೆಳಗಾದ ಬಾವಲಿ ಕಲಾವಿದ ಮಾಡಿದ ತಪ್ಪಲ್ಲ: ತಲೆಕೆಳಗು ಅನ್ನೋ 'ದಾವ್' ಮತ್ತು 'ಬಂತು' ಅನ್ನೋ 'ದಾವ್' ಕೇಳುವಾಗ ಒಂದೇ, ಹಾಗಾಗಿ ಭಾಗ್ಯ ಮನೆಗೆ ಬಂತು ಅಂತ ಓದಿಕೊಳ್ಳಬೇಕು. ಪೀಚ್ ಮಾತ್ರ ಉಚ್ಚಾರದ ಆಟವಲ್ಲ, ತಿಂದವರಿಗೆ ಸಾವಿಲ್ಲ ಅನ್ನೋ ಹಳೇ ಕಥೆಗಳಿಂದ ಬಂದ ಆಯಸ್ಸಿನ ಗುರುತು. ಹೂದಾನಿಗೇ 'ಪಿಂಗ್' ಅನ್ನುತ್ತಾರೆ, ಶಾಂತಿ ಅನ್ನೋದಕ್ಕೂ ಅದೇ ಉಚ್ಚಾರ. ಮನೆಯವರಿಗೆ ಇಷ್ಟು ಓದಿ ಹೇಳಿ, ಆಮೇಲೂ ಬೇಡ ಅಂದರೆ ಅದು ಅವರಿಷ್ಟ.

ಈಗ ವಯಸ್ಸು. ತಳದ ಬರಹವನ್ನು ಜನ ಜನನ ಪ್ರಮಾಣಪತ್ರದ ಹಾಗೆ ನಂಬುತ್ತಾರೆ, ಆದರೆ ಇಡೀ ಹೂದಾನಿಯಲ್ಲಿ ನಾನು ಎಲ್ಲಕ್ಕಿಂತ ಕಡಿಮೆ ನಂಬೋದು ಅದನ್ನೇ. ಕಾಂಗ್‌ಶಿ ಕಾಲ ಅಂದರೆ ಆ ಹೆಸರಿನ ಚಕ್ರವರ್ತಿಯ ಕಾಲ, 1662ರಿಂದ 1722. ಪಿಂಗಾಣಿ ಊರು ಜಿಂಗ್‌ಡೆಜೆನ್‌ನಲ್ಲಿ 1677ರಲ್ಲಿ ಅಧಿಕಾರಿಯೊಬ್ಬ ಚಕ್ರವರ್ತಿಯ ಹೆಸರು ಬರೆಯುವುದನ್ನೇ ನಿಷೇಧಿಸಿದ್ದ, ಒಡೆದ ಚೂರುಗಳ ಜೊತೆ ಆ ಹೆಸರೂ ಕಾಲ ಕೆಳಗೆ ಬಿದ್ದೀತು ಅಂತ. ಆ ಕಾಲದ ಎಷ್ಟೋ ಪಾತ್ರೆಗಳ ತಳದಲ್ಲಿ ಬರೀ ಎರಡು ನೀಲಿ ಸುತ್ತು ಇರುತ್ತವೆ, ಇಲ್ಲವೇ ಅದಕ್ಕೂ ಇನ್ನೂರು ವರ್ಷ ಹಿಂದಿನ ಮಿಂಗ್ ವಂಶದ ಚಕ್ರವರ್ತಿ ಚೆಂಗ್‌ಹುವಾನ ಹೆಸರಿರುತ್ತದೆ. 19ನೇ ಶತಮಾನದ ಕೊನೆಗೆ ಕುಶಲಕರ್ಮಿಗಳು ಕಾಂಗ್‌ಶಿ ಹೆಸರನ್ನು ಧಾರಾಳವಾಗಿ ಬರೆದರು. ಎಲ್ಲವೂ ಮೋಸಕ್ಕೆ ಬರೆದದ್ದಲ್ಲ, ಹಳಬರ ಮೇಲಿನ ಗೌರವಕ್ಕೂ ಬರೆಯುತ್ತಿದ್ದರು.

ನಿಮ್ಮ ಪತ್ರದಲ್ಲಿ ನಿಜವಾದ ಸಾಕ್ಷಿ ಇರೋದು ಪೀಚ್ ಹಣ್ಣಲ್ಲಿ. ಚಿನ್ನದ ಅತಿ ಸೂಕ್ಷ್ಮ ಕಣಗಳಿಂದ ಬರುವ ಆ ಗುಲಾಬಿ ಬಣ್ಣ ಚೀನಾದಲ್ಲಿ ಶುರುವಾಗಿದ್ದು 1720ರ ಆಸುಪಾಸು, ಅಂದರೆ ಕಾಂಗ್‌ಶಿ ಕಾಲ ಮುಗಿಯುತ್ತಾ ಬಂದಾಗ. ಅದು ಅರಳಿದ್ದು ಮುಂದಿನ ಚಕ್ರವರ್ತಿ ಯೊಂಗ್‌ಜೆಂಗ್ ಕಾಲದಲ್ಲಿ. ಗುಲಾಬಿ ಪೀಚ್ ಮೇಲೆ, ಕಾಂಗ್‌ಶಿ ಹೆಸರು ಕೆಳಗೆ! ಎರಡೂ ಒಟ್ಟಿಗೆ ಬಂದರೆ ನನಗೆ ಅನುಮಾನವೇ ಜಾಸ್ತಿ. 19ನೇ ಶತಮಾನದ ಕೊನೆಯದೋ 20ನೆಯದೋ ಇರಬಹುದು. ಪತ್ರ ಓದಿ ತೀರ್ಪು ಕೊಡಲಾಗದು, ಕೈಯಲ್ಲಿ ಹಿಡಿದು ನೋಡುವವರಿಗೆ ತೋರಿಸಿ.

ಪ್ರಶ್ನೆ: ಧೂಳು ಕೂತಿದೆ. ಪಾತ್ರೆ ತೊಳೆಯುವ ನಾರಿನಿಂದ ಉಜ್ಜಬಹುದಾ?

ಉತ್ತರ: ಬೇಡ ಬೇಡ! ಬಾವಲಿಯ ಮೇಲೆ ಬೆರಳಾಡಿಸಿ, ಬಣ್ಣ ಚೂರು ಉಬ್ಬಿದಂತೆ ಸಿಗುತ್ತದೆ. ಸುಮಾರು 1300 ಡಿಗ್ರಿಯಲ್ಲಿ ಸುಟ್ಟ ಗಾಜಿನಂಥ ಹೊಳಪಿನ ಪದರದ ಮೇಲೆ ಬಣ್ಣ ಹಚ್ಚಿ, ಕಡಿಮೆ ಶಾಖದಲ್ಲಿ ಇನ್ನೊಮ್ಮೆ ಸುಟ್ಟಿರುತ್ತಾರೆ. ಹಾಗಾಗಿ ಉಜ್ಜಿದರೆ ಸವೆಯುತ್ತದೆ, ಚಿನ್ನದ ಗೆರೆ ಇದ್ದರೆ ಅದೇ ಮೊದಲು ಹೋಗುತ್ತದೆ. ಮೆತ್ತನೆಯ ಕುಂಚದಿಂದ ಧೂಳು ಕೊಡವಿ. ಎತ್ತುವಾಗ ಕುತ್ತಿಗೆ ಹಿಡಿಯಬೇಡಿ, ಒಂದು ಕೈ ತಳಕ್ಕೆ ಕೊಡಿ.