ಕರೊನರಿ ಫಿಸ್ಟುಲಾ ಪತ್ತೆಯಾದರೆ ಮುಚ್ಚಿಸಲೇಬೇಕೇ?

ಎಲ್ಲರಿಗೂ ಬೇಕಿಲ್ಲ. ಹೃದಯದ ಸ್ನಾಯುವಿಗೆ ರಕ್ತ ಪೂರೈಸುವ ಕರೊನರಿ ಅಪಧಮನಿಯು ಅತಿ ಸೂಕ್ಷ್ಮ ರಕ್ತನಾಳಗಳಾದ ಲೋಮನಾಳಗಳನ್ನು ಹಾಯದೆ ನೇರವಾಗಿ ಹೃದಯದ ಕೋಣೆಗೋ ಸಮೀಪದ ದೊಡ್ಡ ರಕ್ತನಾಳಕ್ಕೋ ತೆರೆದುಕೊಳ್ಳುವ ಈ ಅಪರೂಪದ ದೋಷವು ಬಹುಪಾಲು ಹುಟ್ಟಿನಿಂದಲೇ ಇರುತ್ತದೆ, ಮತ್ತು ಹೆಚ್ಚಾಗಿ ಹೃದಯದ ಬಲಭಾಗಕ್ಕೋ ಶ್ವಾಸಕೋಶದ ಅಪಧಮನಿಗೋ ಸೇರುತ್ತದೆ.

ಸಣ್ಣ ಫಿಸ್ಟುಲಾಗಳು ಯಾವ ತೊಂದರೆಯನ್ನೂ ಕೊಡದೆ, ಬೇರೆ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ಅಂಥವರಿಗೆ ನಿಯತ ತಪಾಸಣೆ ಸಾಕಾಗುತ್ತದೆ. ದೊಡ್ಡದಾಗಿದ್ದರೆ ರಕ್ತವು ಕಡಿಮೆ ಒತ್ತಡದ ಕಡೆಗೆ ಹರಿದುಹೋಗಿ ಸ್ನಾಯುವಿಗೆ ಕೊರತೆಯಾಗುವುದರಿಂದ ಎದೆನೋವು, ಏದುಸಿರು, ಕೆಲವೊಮ್ಮೆ ಹೃದಯ ವೈಫಲ್ಯವೂ ಉಂಟಾಗಬಹುದು. ಸ್ಟೆತೊಸ್ಕೋಪಿನಲ್ಲಿ ನಿರಂತರ ಮರ್ಮರ (ರಕ್ತದ ಹರಿವಿನ ಅಸಹಜ ಸದ್ದು) ಕೇಳಿಸಿದರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿಸುತ್ತಾರೆ. ಆದರೆ ನಾಳದ ಅಂಕುಡೊಂಕು ದಾರಿಯನ್ನೂ ಅದು ಕೊನೆಗೊಳ್ಳುವ ಜಾಗವನ್ನೂ ಸ್ಪಷ್ಟವಾಗಿ ತೋರಿಸುವುದು ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಂ ಮತ್ತು ಕ್ಯಾಥೆಟರ್ (ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ) ಆಂಜಿಯೋಗ್ರಾಂ.

ರೋಗಲಕ್ಷಣಗಳಿದ್ದರೆ ಅಥವಾ ಫಿಸ್ಟುಲಾದ ಮೂಲಕ ರಕ್ತದ ಹರಿವು ಗಣನೀಯವಾಗಿದ್ದರೆ, ಕ್ಯಾಥೆಟರ್ ಮೂಲಕ ಕಾಯಿಲ್ (ಲೋಹದ ಸುರುಳಿ) ಇಲ್ಲವೇ ಪ್ಲಗ್ (ಬಿರಡೆ) ಇರಿಸಿ ಮುಚ್ಚುತ್ತಾರೆ; ರಚನೆ ಜಟಿಲವಾಗಿದ್ದರೆ ಶಸ್ತ್ರಚಿಕಿತ್ಸೆಯೇ ಸೂಕ್ತ. ಮುಚ್ಚಿದ ಮಾತ್ರಕ್ಕೆ ನಿಶ್ಚಿಂತರಾಗಬಾರದೆಂದು ವಿಶೇಷವಾಗಿ ಹೇಳಬಯಸುತ್ತೇನೆ: ಹಿಗ್ಗಿಹೋಗಿದ್ದ ಅಪಧಮನಿಯಲ್ಲಿ ಹರಿವು ನಿಧಾನಗೊಂಡು ರಕ್ತ ಹೆಪ್ಪುಗಟ್ಟಬಹುದು. ಆದ್ದರಿಂದ ವೈದ್ಯರು ಸೂಚಿಸಿದ ಆಸ್ಪಿರಿನ್‌ನಂಥ ಔಷಧಿಗಳನ್ನು ತಾವಾಗಿಯೇ ನಿಲ್ಲಿಸದೆ, ಮರುತಪಾಸಣೆಗಳನ್ನು ತಪ್ಪಿಸದೆ ಮಾಡಿಸಿಕೊಳ್ಳಬೇಕು.