ಮಾದರಿಗೆ ಬಣ್ಣ ಕಲಸಲು ಮನೆಯ ಯಾವ ವಸ್ತು ಬಳಸಬಹುದು?

ದೋಣಿಯ ಪುಟ್ಟ ಮಾದರಿಗೆ ಬಣ್ಣ ಕಲಸಲು ಮನೆಯಲ್ಲಿರುವ ಯಾವ ಪಾತ್ರೆ ಸಾಕು ಎಂದು ಕೇಳಿದ್ದೀರಿ. ನಾನು ಉಡುಪಿಯವನು, ಮಲ್ಪೆ ಬಂದರಿನ ದೋಣಿಗಳ ಮಾದರಿ ಮಾಡುತ್ತೇನೆ. ಇದಕ್ಕೆಂದು ಬಟ್ಟಲನ್ನು ಇದುವರೆಗೆ ಕೊಂಡಿಲ್ಲ.

ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಕ್ಕೆ ನನ್ನ ಮೊದಲ ಆಯ್ಕೆ ಮಾತ್ರೆಗಳ ಖಾಲಿ ಪ್ಲಾಸ್ಟಿಕ್ ಪಟ್ಟಿ. ಅದರ ಒಂದೊಂದು ಕುಳಿಯೂ ನಾಲ್ಕೈದು ಹನಿಗೆ ಹೇಳಿ ಮಾಡಿಸಿದಂತಿರುತ್ತದೆ, ಬಣ್ಣ ವ್ಯರ್ಥವಾಗುವುದಿಲ್ಲ. ಹೆಚ್ಚು ಬೇಕಾದಾಗ ನೀರಿನ ಬಾಟಲಿಯ ಮುಚ್ಚಳ. ತೆಂಗಿನೆಣ್ಣೆ ಬಾಟಲಿಯ ಮುಚ್ಚಳವಾದರೆ ಪಾತ್ರೆ ತೊಳೆಯುವ ಸಾಬೂನಿನಿಂದ ಎರಡು ಸಲ ತಿಕ್ಕಿ, ಒಣಗಿಸಿ. ಜಿಡ್ಡು ಉಳಿದರೆ ಬಣ್ಣ ಮಾದರಿಗೆ ಹಿಡಿಯುವುದಿಲ್ಲ. ಗೆರಟೆ ಬೇಡ. ಒಳಗಿನ ಸಿಪ್ಪೆಯ ಚೂರುಗಳು ಬೆರೆತು ನನ್ನ ಒಂದು ದೋಣಿಯ ಮೈಯೇ ಒರಟಾಯಿತು.

ತಿನ್ನರ್ ಎಂಬ ದ್ರಾವಕದಿಂದ ತೆಳುಗೊಳಿಸುವ ಎನಾಮೆಲ್ ಅಥವಾ ಲ್ಯಾಕರ್ ಬಣ್ಣವಾದರೆ ಮಾತ್ರ ದಯವಿಟ್ಟು ಎಚ್ಚರ ವಹಿಸಿ. ಲ್ಯಾಕರ್ ತಿನ್ನರ್ ಥರ್ಮಾಕೋಲ್ ಲೋಟವನ್ನು ಕಣ್ಣೆದುರೇ ಕರಗಿಸುತ್ತದೆ. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 6 ಎಂದಿದ್ದರೆ ಅದು ಪಾಲಿಸ್ಟೈರೀನ್, ಅಂದರೆ ಥರ್ಮಾಕೋಲ್ ಮಾಡುವ ಅದೇ ಪ್ಲಾಸ್ಟಿಕ್, ದೂರವಿಡಿ. ಇಂಥ ಬಣ್ಣಕ್ಕೆ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿ, ಅಂಚು ಒಡೆದ ಪಿಂಗಾಣಿ ಸಾಸರ್, ಸ್ಟೀಲ್ ಮುಚ್ಚಳ ಇವೇ ಸರಿ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕುಳಿತು ಕಲಸಿ.

ಕಲಸಲು ಐಸ್‌ಕ್ರೀಮ್ ಕಡ್ಡಿ, ಅಳೆಯಲು ಸೂಜಿಯಿಲ್ಲದ ಸಿರಿಂಜ್ ಸಾಕು. ಒಮ್ಮೆ ಬಣ್ಣಕ್ಕೆ ಬಳಸಿದ ಯಾವುದನ್ನೂ ಮತ್ತೆ ಅಡುಗೆಮನೆಗೆ ತರಬೇಡಿ.